ಮೂರು ತಾಲೂಕು ಸೇರಿ ಹನ್ನೊಂದು ಮಂದಿ

ನಮ್ಮ ಮನೆಯ ಒಗ್ಗರಣೆ ಬದಲಾಗಿ ಆರು ತಿಂಗಳಾಯಿತು. ಕಲಬುರಗಿಯ ಡಾಕ್ಟರೊಬ್ಬರು ನನ್ನ ಎದೆಗೆ ನಾಲ್ಕಾರು ವೈರು ಅಂಟಿಸಿ, ಯಂತ್ರದಿಂದ ಹೊರಬಂದ ಗೀರುಗೀರಿನ ಕಾಗದವನ್ನು ಬಹಳ ಹೊತ್ತು ನೋಡಿ, ‘ಗಾಬರಿಯಾಗುವಂಥದ್ದೇನಿಲ್ಲ, ಆದರೆ ಮನೆಯಲ್ಲಿ ಎಣ್ಣೆ ಬದಲಾಯಿಸಿ, ಕುಸುಬಿ ಎಣ್ಣೆ ಬಳಸಿ’ ಎಂದರು. ಮೊದಲರ್ಧ ನನಗೆ ಕೇಳಿಸಿತು, ಎರಡನೆಯರ್ಧ ನನ್ನ ಹೆಂಡತಿಗೆ ಕೇಳಿಸಿತು. ಅಂದಿನಿಂದ ದಿನಾ ಬೆಳಗ್ಗೆ ಅಡುಗೆಮನೆಯಿಂದ ಕುಸುಬಿ ಎಣ್ಣೆ ಕಾದ ವಾಸನೆ ಪಡಸಾಲೆಗೆ ಬರುತ್ತದೆ. ಬಂದ ಕೂಡಲೇ ನನ್ನ ಬಲಗಾಲು ನನ್ನನ್ನು ಕೇಳದೆ ಮುಂದಕ್ಕೆ ಹೋಗುತ್ತದೆ. ಎದುರಿಗೆ ಏನಿದೆ ಎಂದು ನೋಡುವುದಿಲ್ಲ. ಒಮ್ಮೆ ಚಪ್ಪಲಿ ಹೋಗಿ ಗೋಡೆಗೆ ಬಡಿಯಿತು, ಒಮ್ಮೆ ನೀರು ತುಂಬಿದ ತಂಬಿಗೆ.

“ಏನಾಗ್ಯದ್ರಿ ನಿಮಗ? ಆ ಡಾಕ್ಟರ್ ಎದಿ ನೋಡೂದು ಬಿಟ್ಟು ತಲಿ ನೋಡಬೇಕಿತ್ತು,” ಎಂದು ನೆಲ ಒರೆಸುತ್ತ ನನ್ನ ಹೆಂಡತಿ ಬೈದಳು.

ಅವಳಿಗೆ ಹೇಗೆ ಹೇಳಲಿ? ನಿಮಗಾದರೂ ಹೇಳುತ್ತೇನೆ, ನಗಬೇಡಿ. ಆ ವಾಸನೆ ಮೂಗಿಗೆ ಹತ್ತಿತೆಂದರೆ ನನಗೆ ಊಟ ನೆನಪಾಗುವುದಿಲ್ಲ, ಫುಟ್‌ಬಾಲ್ ನೆನಪಾಗುತ್ತದೆ. ನಲವತ್ತು ವರ್ಷದ ಹಿಂದೆ ಆಳಂದದ ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ ಚೆಂಡು. ಚರ್ಮದ್ದು, ಒಳಗೆ ರಬ್ಬರಿನ ಬ್ಲಾಡರ್, ಮೇಲೆ ಬೂಟಿಗಿದ್ದ ಹಾಗೆ ಲೇಸು. ನಮ್ಮ ಕಡೆಯ ಬಿಸಿಲಿಗೆ ಆ ಚರ್ಮ ಹಪ್ಪಳದಂತೆ ಒಣಗುತ್ತಿತ್ತು. ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ತಿಕ್ಕಬೇಕು. ಎಣ್ಣೆ ತರುವ ಕೆಲಸ ನನ್ನದು. ಮಟಕಿ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಗಾಣದಿಂದ ತಂದ ಕುಸುಬಿ ಎಣ್ಣೆಯ ಡಬ್ಬಿ ಇರುತ್ತಿತ್ತು. ಅವ್ವನ ಕಣ್ಣು ತಪ್ಪಿಸಿ ಕೆಮ್ಮಿನ ಔಷಧದ ಬಾಟಲಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತರುತ್ತಿದ್ದೆ. ಹೀಗಾಗಿ ನಮ್ಮಲ್ಲಿ ಯಾರಾದರೂ ಚೆಂಡನ್ನು ತಲೆಯಿಂದ ಹೊಡೆದರೆ ಮರುದಿನದ ತನಕ ಅವನ ಪಕ್ಕದಲ್ಲಿ ಕೂತವರಿಗೆಲ್ಲ ಹಸಿವಾಗುತ್ತಿತ್ತು.

ಎಣ್ಣೆ ತಿಕ್ಕುವವನು ಖಾಜಾಮಿಯಾ, ನಮ್ಮ ಗೋಲ್‌ಕೀಪರ್. ಆರಡಿ ಎತ್ತರ, ಕೈ ಮೊಣಕಾಲು ಮುಟ್ಟುವಷ್ಟು ಉದ್ದ. ನನ್ನ ಹಾಗೆ ಈಗಲೂ ಆಳಂದದಲ್ಲೇ ಇದ್ದಾನೆ, ಬಸ್ ಸ್ಟ್ಯಾಂಡಿನ ಹಿಂದೆ ಅವನ ಗಾದಿ ಅಂಗಡಿ. ಮೂರು ವರ್ಷ ಆ ಬಿರುಸು ನೆಲದ ಮೇಲೆ ಹಾರಿಹಾರಿ ಬಿದ್ದವನಿಗೆ ಮೆತ್ತಗಿನದರ ಬೆಲೆ ಗೊತ್ತಾಗಿ ಗಾದಿ ಹೊಲಿಯಲು ಕೂತ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. “ನಮ್ಮಪ್ಪನೂ ಗಾದೀನೇ ಹೊಲೀತಿದ್ದಲೇ, ಸುಮ್ಮ ಕಥಿ ಕಟ್ಟಬ್ಯಾಡ,” ಎಂದು ಅವನು ಸಿಕ್ಕವರ ಎದುರಿಗೇ ನನ್ನ ಮಾನ ತೆಗೆಯುತ್ತಾನೆ. ನಾನು ಹೈಸ್ಕೂಲು ಮಾಸ್ತರನಾಗಿ ರಿಟೈರಾದವನು. ನನ್ನ ಸ್ವಂತ ಹೆಸರು ಅವನಿಗೆ ಮರೆತೇ ಹೋಗಿದೆ, ಬಾಯಿ ತೆರೆದರೆ ‘ಲೇ ಮಾಸ್ತರ’.

ನೆಲದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮದು ಎರೆ ಮಣ್ಣಿನ ಮೈದಾನ. ಮಳೆ ಬಿದ್ದರೆ ಬೂಟಿಗೆ ಮಣ್ಣು ಮೆತ್ತಿಕೊಂಡು ಆಟ ಮುಗಿಯುವ ಹೊತ್ತಿಗೆ ನಾವೆಲ್ಲ ಗೇಣು ಎತ್ತರವಾಗಿರುತ್ತಿದ್ದೆವು. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತಿತ್ತು. ಒಮ್ಮೆ ನಮ್ಮ ಫಾರ್ವರ್ಡ್ ಒಬ್ಬನ ಕಾಲು ಬಿರುಕಿನಲ್ಲಿ ಸಿಕ್ಕಿಬಿತ್ತು. ಎರಡೂ ಟೀಮಿನವರು ಸೇರಿ ಅವನನ್ನು ಕಿತ್ತು ತೆಗೆದೆವು, ಬೂಟು ಅಲ್ಲೇ ಉಳಿಯಿತು. ಆದರೂ ಮ್ಯಾಚಿದ್ದ ದಿನ ಮಾದನಹಿಪ್ಪರಗಾದಿಂದ ಕಿರಾಣಿ ಒಯ್ಯಲು ಬಂದವರು ಚೀಲ ಕೆಳಗಿಟ್ಟು ನಿಲ್ಲುತ್ತಿದ್ದರು, ಬಂಡಿಯವರು ಎತ್ತು ಬಿಚ್ಚಿ ಮೇಯಲು ಬಿಟ್ಟು ನೋಡುತ್ತಿದ್ದರು. ಒಂದೆರಡು ಸಲ ಎತ್ತುಗಳೂ ಮೈದಾನದೊಳಗೆ ಬಂದದ್ದುಂಟು. ನನಗಿಂತ ಚುರುಕಾಗಿ ಓಡಿದವೆಂದು ಖಾಜಾ ಹೇಳುತ್ತಾನೆ.

ಆಗ ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರಿನ ಕಾಲೇಜುಗಳ ನಡುವೆ ವರ್ಷವೂ ಮ್ಯಾಚು ಆಗುತ್ತಿದ್ದವು. ಬಂದ ಟೀಮು ಬೆಳಗಿನ ಬಸ್ಸಿಗೆ ಇಳಿಯುವುದು, ಆಟ ಬಿಸಿಲು ತಗ್ಗಿದ ಮೇಲೆ. ನಡುವೆ ಮಧ್ಯಾಹ್ನ ಒಂದು ಬರುತ್ತದಲ್ಲ? ಮನೆಗೆ ಬಂದವರನ್ನು ಉಪವಾಸ ಕೆಡವಿ ಆಮೇಲೆ ಸೋಲಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಆದ್ದರಿಂದ ಆಯಾ ಊರಿನ ಒಬ್ಬ ಆಟಗಾರನ ಮನೆಯಲ್ಲಿ ಎರಡೂ ಟೀಮಿಗೆ ಊಟ. ಎರಡೂ ಟೀಮು ಒಂದೇ ಪಂಕ್ತಿಯಲ್ಲಿ ಕೂಡಬೇಕು, ಒಬ್ಬ ಇವರವನು, ಪಕ್ಕಕ್ಕೊಬ್ಬ ಅವರವನು. ಬಂದವರಿಗೆ ಬಡಿಸಿ ತಾನು ಉಣ್ಣದೆ ನಿಂತು ನೋಡುವುದನ್ನು ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ.

ಒಂದು ವರ್ಷ ಅಫಜಲಪುರದವರು ಬಂದಾಗ ಊಟ ಖಾಜಾನ ಮನೆಯಲ್ಲಿ. ಲಿಂಗವಂತರ ಹುಡುಗರು ಸಂಕೋಚವಿಲ್ಲದೆ ಉಣ್ಣಲಿ ಎಂದು ಅವನ ಅಮ್ಮಿ ನಮ್ಮ ಅವ್ವನಿಂದ ಪಾತ್ರೆ, ಹಂಚು, ಸೌಟು ಎಲ್ಲ ತರಿಸಿಕೊಂಡಿದ್ದರು. ಎರಡು ದಿನ ಮೊದಲು ನಮ್ಮ ಅವ್ವನೇ ಪಾತ್ರೆಯ ಜೊತೆ ಬಸ್ಸು ಹತ್ತಿ ಬಂದು ಅಲ್ಲೇ ಉಳಿದಳು. ಅಮ್ಮಿ ಮತ್ತು ಅವ್ವ ಇಬ್ಬರೂ ಒಲೆಯ ಮುಂದೆ ಕೂತು ನಮ್ಮಿಬ್ಬರ ಕೆಟ್ಟ ಗುಣಗಳನ್ನು ಹೋಲಿಸಿ ನೋಡುತ್ತಿದ್ದದ್ದು ಹೊರಗೆ ಕೇಳಿಸುತ್ತಿತ್ತು.

ಟೀಮಿನಲ್ಲಿ ನಾನು ಫುಲ್‌ಬ್ಯಾಕ್. ಕಾಲಿನಿಂದ ಆಗದ್ದನ್ನು ತಲೆಯಿಂದ ಮಾಡುತ್ತೇನೆ ಎಂಬ ಭ್ರಮೆ ನನಗೆ ಆಗಲೇ ಇತ್ತು. “ಖಾಜಾ, ಅವ್ರಿಗಿ ಹೊಟ್ಟಿ ಬಿರಿಯಂಗ ತಿನ್ನಸೋಣು. ಮೊದ್ಲ ಹುಗ್ಗಿ, ಆಮ್ಯಾಲ ಶೇಂಗಾದ ಹೋಳಗಿ, ಮ್ಯಾಲ ತುಪ್ಪ. ಓಡ್ಲಿ ನೋಡೋಣು ಮಕ್ಳು,” ಎಂದೆ. ಖಾಜಾ ನನ್ನನ್ನು ತಬ್ಬಿಕೊಂಡು, “ಅರೆ ವಾಹ್, ನಿನ್ನ ತಲ್ಯಾಗ ಎಣ್ಣಿ ಅಷ್ಟೇ ಅದ ಅಂತ ತಿಳ್ಕೊಂಡಿದ್ದೆ,” ಎಂದ. ಅಂಥ ದೊಡ್ಡ ಯೋಜನೆಯಲ್ಲಿ ಒಂದು ಸಣ್ಣ ತಪ್ಪಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಪಂಕ್ತಿಯಲ್ಲಿ ನಾವೂ ಕೂಡುವವರಿದ್ದೆವು.

ನನ್ನ ಪಕ್ಕಕ್ಕೆ ಬಂದು ಕೂತವನು ಗೊಬ್ಬೂರಿನ ಶರಣಪ್ಪ, ಅವರ ಕ್ಯಾಪ್ಟನ್. ಹೊಲದಲ್ಲಿ ದುಡಿದ ಮೈ, ಸಾವಕಾಶದ ಮಾತು.

“ಇನ್ನೊಂದ್ ಹೋಳಗಿ ಹಾಕಸ್ಕೋರಿ,” ಎಂದೆ ನಾನು.

“ನೀವ್ ಹಾಕಸ್ಕೊಂಡ್ರ ನಾನೂ ಹಾಕಸ್ಕೋತೇನ್ರಿ,” ಎಂದ ಅವನು.

ಇದಕ್ಕೆ ಉತ್ತರವಿದೆಯೇ, ನೀವೇ ಹೇಳಿ. ನಾನು ಹಾಕಿಸಿಕೊಂಡೆ, ಅವನು ಹಾಕಿಸಿಕೊಂಡ. ಅಮ್ಮಿ ಬಟ್ಟಲು ತುಪ್ಪ ಹಿಡಿದು ಹಿಂದೆಯೇ ನಿಂತಿದ್ದರು. ಹನ್ನೊಂದನೆಯ ಹೋಳಿಗೆಗೆ ನನ್ನ ಕಣ್ಣು ಮಂಜಾಯಿತು. ಆಚೆ ಈಚೆ ನೋಡಿದರೆ ನಮ್ಮ ಟೀಮಿನ ಎಲ್ಲರ ಮುಖದಲ್ಲೂ ಬೆವರು. ಶರಣಪ್ಪ ಹದಿನಾಲ್ಕು ತಿಂದು, ಮೇಲೊಂದು ತಂಬಿಗೆ ಮಜ್ಜಿಗೆ ಕುಡಿದು, ಏನೂ ಆಗದವನಂತೆ ಎದ್ದು ಕೈ ತೊಳೆಯಲು ಹೋದ. ಸುಗ್ಗಿಯಲ್ಲಿ ರಾಶಿ ಮಾಡುವ ದಿನಗಳಲ್ಲಿ ಅವನ ಮನೆಯಲ್ಲಿ ಅದು ನಾಷ್ಟಾ ಅಂತೆ.

ಆ ಮ್ಯಾಚಿನ ಬಗ್ಗೆ ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ, ಆದರೆ ನಾನು ಹೇಳದಿದ್ದರೆ ಖಾಜಾ ಹೇಳುತ್ತಾನೆ. ಶರಣಪ್ಪ ಚೆಂಡು ಹಿಡಿದುಕೊಂಡು ನೇರ ನನ್ನ ಕಡೆಗೇ ಬಂದ. ನಾನು ಅಡ್ಡ ನಿಂತಿದ್ದೆ, ಅಡ್ಡ ನಿಲ್ಲುವುದೊಂದೇ ಆಗ ನನ್ನಿಂದ ಆಗುತ್ತಿದ್ದದ್ದು. ಹತ್ತಿರ ಬಂದವನು ಬಹಳ ವಿನಯದಿಂದ, “ಜರಾ ಬಾಜೂ ಸರೀರಿ,” ಎಂದ. ಈಗಷ್ಟೇ ಪಕ್ಕದಲ್ಲಿ ಕೂತು ಉಂಡವನು, ಅಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾನೆ. ನಾನು ಸರಿದೆ! ಎರಡು ಸಲ ಕೇಳಿದ, ಎರಡು ಸಲವೂ ಸರಿದೆ. ಎರಡು ಗೋಲು. ಖಾಜಾ ಗೋಲಿನಿಂದ ಹೊರಗೆ ಓಡಿ ಬಂದು, “ಚಾದರ್ ಹಾಸಿ ಕೊಡಲೇ ಅವಗ, ಮಕ್ಕೊಂಡು ಹೊಡೀಲಿ!” ಎಂದು ಇಡೀ ಆಳಂದಕ್ಕೆ ಕೇಳುವ ಹಾಗೆ ಕೂಗಿದ.

ಇದೆಲ್ಲ ಹೋದದ್ದು ಯಾವಾಗ ಎಂದರೆ ಹೇಳಲು ಬರುವುದಿಲ್ಲ. ಒಂದು ದಿನ ಇದ್ದು ಮರುದಿನ ಇಲ್ಲವಾದದ್ದಲ್ಲ. ಖಾಜಾ ಅಂಗಡಿಯಿಂದ ಬಿಡುವು ಮಾಡಿಕೊಂಡು ಸಂಜೆ ಕಾಲೇಜಿನ ಎದುರಿನ ಚಹಾದಂಗಡಿಗೆ ಬರುತ್ತಾನೆ, ನಾನೂ ಹೋಗುತ್ತೇನೆ. ಮೊದಮೊದಲು ಹನ್ನೊಂದು ಮಂದಿ ಆಡುವುದು ಕಾಣುತ್ತಿತ್ತು, ಆಮೇಲೆ ಏಳು, ಆಮೇಲೆ ಇಬ್ಬರು ಗೋಡೆಗೆ ಒದೆಯುತ್ತಿದ್ದರು. ಆಮೇಲೆ ಗೋಡೆ ಮಾತ್ರ ಉಳಿಯಿತು. ಒಂದು ಮೂಲೆಯಲ್ಲಿ ಕ್ರಿಕೆಟ್ ಇದೆ, ನಿಜ. ಇನ್ನುಳಿದವರು ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ಕೂತು ಮೊಬೈಲು ತಿಕ್ಕುತ್ತಾರೆ. ಈಗಿನ ಹುಡುಗರ ಕಾಲಿನಲ್ಲಿ ದಮ್ಮಿಲ್ಲ ಎಂದು ನಾನು ದಿನಾ ಚಹಾದ ಜೊತೆ ಭಾಷಣ ಮಾಡುತ್ತಿದ್ದೆ. ಅದನ್ನು ಹೇಳುವ ನಾನು ಚಹಾದಂಗಡಿಯ ಎರಡು ಮೆಟ್ಟಿಲು ಹತ್ತಲು ಖಾಜಾನ ಹೆಗಲು ಹಿಡಿಯುತ್ತಿದ್ದೆ ಎಂಬುದು ಬೇರೆ ಮಾತು.

ಒಂದು ಸಂಜೆ ಕಾಲೇಜಿನ ದೈಹಿಕ ಶಿಕ್ಷಕ ಮಲ್ಲಿನಾಥ ನಮ್ಮ ಬೆಂಚಿಗೆ ಬಂದು ಕೂತ. ಹೊಸದಾಗಿ ಸೇರಿದ ಹುಡುಗ, ಕುತ್ತಿಗೆಯಲ್ಲಿ ಸೀಟಿ ತೂಗುತ್ತಿರುತ್ತದೆ, ಊದಲು ಸಂದರ್ಭ ಬಂದಿಲ್ಲ.

“ಸರ್, ಒಂದ್ ಮಾತ್ ಹೇಳಬೇಕಿತ್ತರಿ. ಫುಟ್‌ಬಾಲ್ ಟೀಮೇ ಇಲ್ಲಂದ ಮ್ಯಾಲ ಆ ಗೋಲಿನ ಕಂಬ ಯಾಕ ಅಂತ ಪ್ರಿನ್ಸಿಪಾಲರು ಕೇಳಾಕತ್ತಾರ. ತಗದು ಆ ಜಾಗಾದಾಗ ಗಾಡಿ ನಿಲ್ಸಾಕ ತಗಡಿನ ಶೆಡ್ ಹಾಕ್ತಾರಂತ. ಈ ತಿಂಗಳದಾಗ ಒಂದ್ ಮ್ಯಾಚರೆ ಮಾಡಿ ತೋರ್ಸಿದ್ರ ಬಿಡ್ತೇನಿ ಅಂದಾರ್ರಿ.”

ನಾನು ಪ್ರಿನ್ಸಿಪಾಲರನ್ನು ಬೈಯಲು ಬಾಯಿ ತೆರೆದೆ. ಖಾಜಾನ ಮುಖ ನೋಡಿ ಮುಚ್ಚಿದೆ. ಅವನು ಚಹಾದ ಲೋಟ ಕೆಳಗಿಟ್ಟು ಆ ಕಂಬಗಳನ್ನೇ ನೋಡುತ್ತಿದ್ದ. ಯಾವಾಗಲೂ ನನ್ನ ಕಾಲೆಳೆಯುವವನು ಅಂದು ಮೆಲ್ಲಗೆ ಮಾತಾಡಿದ.

“ಮಾಸ್ತರ, ನಿನಗ ಸಾಲಿ ಇತ್ತು, ಹುಡುಗ್ರು ಇದ್ರು. ಈಗೂ ದಾರ್ಯಾಗ ಮಂದಿ ನಿನ್ನ ಕಾಲ್ ಮುಟ್ತಾರ. ನಂದೇನದ? ಜಿಂದಗಿಯೊಳಗ ಮೂರೇ ವರ್ಷ ಮಂದಿ ನನ್ನ ಹೆಸ್ರ ಹಿಡದು ಕೂಗ್ಯಾರ, ಅಲ್ಲಿ ನಿಂತಾಗ. ಆ ಕಂಬಾ ಕಿತ್ತರ ನಾ ಬರೇ ಗಾದಿ ಹೊಲ್ಯಾಂವ.”

ನಲವತ್ತು ವರ್ಷ ದಿನಾ ಜೊತೆ ಕೂತು ಚಹಾ ಕುಡಿದಿದ್ದೇನೆ, ಅವನೊಳಗೆ ಇದೊಂದು ಇದೆ ಎಂದು ನನಗೆ ತಿಳಿದಿರಲಿಲ್ಲ. ಬಹಳ ಸಂಕಟವಾಯಿತು. “ಮ್ಯಾಚ್ ಮಾಡಸೋಣು ನಡಿಯೋ, ಅದೇನ್ ದೊಡ್ಡ ಮಾತು,” ಎಂದೆ.

ಮರುದಿನ ಇಬ್ಬರೂ ಕಾಲೇಜಿನ ಮೈದಾನಕ್ಕೆ ಇಳಿದೆವು. ಮೊದಲು ಸಿಕ್ಕವರು ಸುತ್ತು ಓಡುತ್ತಿದ್ದ ಆರೇಳು ಗಟ್ಟಿಮುಟ್ಟು ಹುಡುಗರು. ಕಾಲಿನಲ್ಲಿ ದಮ್ಮಿಲ್ಲ ಎಂದಿದ್ದೆನಲ್ಲ, ಇವರ ಕಾಲು ನೋಡಿ ನನಗೇ ನಾಚಿಕೆಯಾಯಿತು. “ಪೊಲೀಸ್ ಭರ್ತಿಗಿ ಓಡಾಕತ್ತೇವ್ರಿ ಸರ್. ಚೆಂಡಿನ ಹಿಂದ ಓಡಿ ಕಾಲ್ ಉಳುಕಿದ್ರ ನೌಕರಿ ಹೋಗ್ತದ್ರಿ,” ಎಂದು ಓಡುತ್ತಲೇ ಹೇಳಿ ಹೋದರು. ಆಮೇಲೆ ಕಂಬದ ಬುಡದಲ್ಲಿ ಅಭಿಷೇಕ ಎಂಬವನು ಸಿಕ್ಕ, ಮಾದನಹಿಪ್ಪರಗಾದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗ. ಮೈಮೇಲೆ ಯಾವುದೋ ಪರದೇಶದ ಟೀಮಿನ ಅಂಗಿ. ಅದನ್ನು ನೋಡಿ ಖಾಜಾನಿಗೆ ಹೊಸ ಉಸಿರು ಬಂತು.

“ಬೇಟಾ, ಫುಟ್‌ಬಾಲ್ ಆಡ್ತಿ ಏನು?”

“ದಿನಾ ಆಡ್ತೇನ್ರಿ ಚಾಚಾ.”

“ಎಲ್ಲಿ?”

ಅವನು ಮೊಬೈಲು ತಿರುಗಿಸಿ ತೋರಿಸಿದ. ಬೆರಳಿನಿಂದ ಆಡುವ ಫುಟ್‌ಬಾಲು. ಅದರೊಳಗಿನ ಆಟಗಾರರ ಊರು, ವಯಸ್ಸು, ಯಾರ ಯಾವ ಮೊಣಕಾಲು ಕೆಟ್ಟಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಖಾಜಾ ನಿಂತು ಪೂರ್ತಿ ಕೇಳಿಸಿಕೊಂಡು, “ನಂದೂ ಎಡಗಡೀ ಮೊಣಕಾಲ್ ಕೆಟ್ಟದಪಾ. ನನ್ನ ಸಂಗಾಟ ಒಂದಿನ ಆಡು,” ಎಂದ. ಹುಡುಗ ನಕ್ಕ, ಒಪ್ಪಿದ. ಇನ್ನೂ ಮೂವರನ್ನು ಎಳೆದು ತಂದ. ನಾಲ್ವರಾದರು. ಅದಕ್ಕಿಂತ ಮೇಲೆ ಒಂದು ಜೀವವೂ ಸಿಗಲಿಲ್ಲ.

ಉಳಿದದ್ದು ಎದುರಾಳಿಗಳು. ಹಳೆಯ ಸಂಪ್ರದಾಯದಂತೆ ಅಫಜಲಪುರದವರನ್ನು ಕರೆಯೋಣ ಎಂದು ಇಬ್ಬರೂ ಬಸ್ಸು ಹತ್ತಿದೆವು. ಅಲ್ಲಿನ ದೈಹಿಕ ಶಿಕ್ಷಕರು ನಮಗೆ ಕುರ್ಚಿ ಕೊಟ್ಟು, ಚಹಾ ತರಿಸಿ, “ಟೀಮ್ ಎಲ್ಲ್ಯಾದ್ರಿ? ನಾಕ್ ಮಂದಿ ಅದಾರ, ಅದ್ರಾಗ ಒಬ್ಬ ಹಾಕಿ ಆಡಾಂವ,” ಎಂದರು. ಅಲ್ಲಿಂದ ಮರುದಿನ ಜೇವರ್ಗಿಗೆ ಹೋದೆವು. ಅಲ್ಲಿ ಮೂವರು. ಅವರಲ್ಲಿ ಒಬ್ಬ, “ಅವತ್ತು ಕ್ಲಾಸ್ ತಪ್ಪಸಾಕ ಪರ್ಮಿಶನ್ ಸಿಗ್ತದೇನ್ರಿ?” ಎಂದು ಮೊದಲು ವಿಚಾರಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಖಾಜಾ ಬೆರಳು ಮಡಚಿ ಲೆಕ್ಕ ಹಾಕಿ, ಥಟ್ಟನೆ ನನ್ನ ತೊಡೆಗೆ ಹೊಡೆದ. “ನಾಕು, ನಾಕು, ಮೂರು. ಹನ್ನೊಂದಾತಲ್ಲೋ ಮಾಸ್ತರ! ಮೂರು ತಾಲೂಕ್ ಕೂಡಿ ಒಂದ್ ಟೀಮ್ ಆತು!”

“ಆತು. ಯಾರ ಮ್ಯಾಲ ಆಡ್ತಾರ?” ಎಂದೆ.

ಆ ಪ್ರಶ್ನೆಗೆ ಉತ್ತರ ಏನೆಂದು ನೀವು ಊಹಿಸಿರುತ್ತೀರಿ. ನಾವು ಊಹಿಸಲು ಬಸ್ಸು ಶರಣಪ್ಪನ ಊರು ಗೊಬ್ಬೂರನ್ನು ದಾಟಿ ಹೋದದ್ದು ನೆನಪಾಗಬೇಕಾಯಿತು: ಹುಡುಗರ ಮೇಲೆ ನಾವು ಹಳಬರೇ ಆಡಬೇಕು. ಶರಣಪ್ಪನಿಗೆ ಫೋನು ಮಾಡಿದೆವು. ಈಗ ಅವನು ಊರಿನ ಹಿರಿಯ, ತಲೆಗೆ ಬಿಳಿ ಟೋಪಿ. “ಶರಣಾರ್ಥಿ ಮಾಸ್ತರ್ರ. ನಾ ಬರ್ತೇನಿ. ಓಡಾಕ ಆಗಲ್ಲ, ಆದ್ರ ನೀವು ಸರ್ಯಾಕ ತಯಾರಿದ್ರ ನಡದ್ರೂ ನಡೀತದ,” ಎಂದ. ನಲವತ್ತು ವರ್ಷವಾದರೂ ಮರೆತಿಲ್ಲ ಪುಣ್ಯಾತ್ಮ. ಹಳೆಯ ಆಟಗಾರರಲ್ಲಿ ಅವನು ಇಬ್ಬರನ್ನು, ನಾವು ಐವರನ್ನು ಹುಡುಕಿದೆವು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬೀಪಿ, ಇನ್ನೊಬ್ಬರಿಗೆ ಎರಡೂ. ನಾವಿಬ್ಬರು ಮತ್ತು ಶರಣಪ್ಪ ಸೇರಿ ಹತ್ತೇ ಮಂದಿ. ಹಾಗಾದರೆ ನಾವೂ ಒಬ್ಬರನ್ನು ಕಡಿಮೆ ಮಾಡುತ್ತೇವೆ ಎಂದು ಹುಡುಗರು ಧಾರಾಳತನ ತೋರಿದರು. ಖಾಜಾ ಸಿಟ್ಟಿಗೆದ್ದ. “ಒಬ್ರೂ ಕಮ್ಮಿ ಆಗಂಗಿಲ್ಲ! ಮೂರು ತಾಲೂಕ್ ಜಾಡ್ಸಿ ತಂದೇವಿ ನಿಮಗ.”

ಮ್ಯಾಚಿನ ದಿನ ಊಟ ಖಾಜಾನ ಮನೆಯಲ್ಲೇ. ಬೆಳಗ್ಗೆಯೇ ನನ್ನ ಹೆಂಡತಿ ತನ್ನ ಹಂಚು, ಲಟ್ಟಣಿಗೆ ಹಿಡಿದು ಅಲ್ಲಿಗೆ ಹೋಗಿ ಖಾಜಾನ ಹೆಂಡತಿಯ ಜೊತೆ ಶೇಂಗಾ ಹೋಳಿಗೆಗೆ ಕೂತಿದ್ದಳು. ನನ್ನ ತಲೆಯಲ್ಲಿ ಹಳೆಯ ಯೋಜನೆ ಮತ್ತೆ ಕುಣಿಯತೊಡಗಿತು. ಈ ಸಲ ಅದರಲ್ಲಿದ್ದ ತಪ್ಪನ್ನು ಡಾಕ್ಟರುಗಳೇ ತಿದ್ದಿದ್ದರು. ನಮ್ಮ ಹತ್ತು ಮಂದಿಗೂ ಎರಡೆರಡೇ ಹೋಳಿಗೆ, ಹೆಚ್ಚು ಕೇಳಿದರೆ ಹೆಂಡಂದಿರು ಕಣ್ಣು ಬಿಡುತ್ತಾರೆ. ಶರಣಪ್ಪನೂ ಎರಡಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಹುಡುಗರಿಗೆ ಮಾತ್ರ ಒತ್ತಾಯ ಮಾಡಿ ಮಾಡಿ ಬಡಿಸಿದೆವು. ಅವರು ಮೊಬೈಲನ್ನು ಜೇಬಿಗೆ ಹಾಕಿ ಎರಡೂ ಕೈಯಿಂದ ತಿಂದರು. ಅಭಿಷೇಕ ಹನ್ನೆರಡು, ಜೇವರ್ಗಿಯ ಹುಡುಗನೊಬ್ಬ ಹದಿನೈದು. “ಗೆದ್ವಿ ನೋಡ್,” ಎಂದು ನಾನು ಖಾಜಾನ ಕಿವಿಯಲ್ಲಿ ಹೇಳಿದೆ.

ಹುಡುಗರು ಓಡಿದರು. ಹದಿನೈದು ತಿಂದವನು ಎಲ್ಲರಿಗಿಂತ ಜೋರಾಗಿ ಓಡಿದ. ನನ್ನ ಬುದ್ಧಿಯಿಂದ ಈ ಜಿಲ್ಲೆಯಲ್ಲಿ ಯಾವ ಮ್ಯಾಚನ್ನೂ ಗೆಲ್ಲಲಾಗುವುದಿಲ್ಲ ಎಂದು ಅಂದು ಒಪ್ಪಿಕೊಂಡೆ. ಬೆರಳಿನಿಂದ ಆಡಿ ಕಲಿತವರಿಗೆ ಚೆಂಡು ಎಲ್ಲಿಗೆ ಹೋಗಬೇಕೆಂದು ಚೆನ್ನಾಗಿ ಗೊತ್ತಿತ್ತು, ಕಾಲಿಗೆ ಅದನ್ನು ತಿಳಿಸಿಕೊಡಲು ಮೊದಲ ಹತ್ತು ನಿಮಿಷ ಬೇಕಾಯಿತು, ಅಷ್ಟೇ. ಅವರ ಗೋಲು ಕಾಯಲು ಯಾರೂ ಒಪ್ಪದೆ ಚೀಟಿ ಎತ್ತಿ ಒಬ್ಬನನ್ನು ನಿಲ್ಲಿಸಿದ್ದರು. ಇಡೀ ಆಟದಲ್ಲಿ ಒಮ್ಮೆಯೂ ಚೆಂಡು ಅವನ ಹತ್ತಿರ ಹೋಗಲಿಲ್ಲ. ನಾನು ಯಾರೂ ಕೇಳದಿದ್ದರೂ ಸರಿಯುತ್ತಿದ್ದೆ. ಖಾಜಾ ಪ್ರತಿ ಸಲವೂ ಹಾರಿದ, ಆದರೆ ಚೆಂಡು ಒಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಹಾರಿದ. ಎರಡನೆಯ ಗೋಲಿಗೆ ಅವನು ನನ್ನನ್ನು ಬೈದ. ನಾಲ್ಕನೆಯದಕ್ಕೆ ಸುಮ್ಮನಾದ. ಆರನೆಯದನ್ನು ಅಭಿಷೇಕ ಹೊಡೆದಾಗ, “ಶಾಬಾಸ್ ಬೇಟಾ!” ಎಂದು ನೆಲದಿಂದಲೇ ಕೂಗಿದ. ಏಳಾದವು. ಮಲ್ಲಿನಾಥ ಕೊನೆಗೂ ಸಂದರ್ಭ ಬಂತೆಂದು ಸೀಟಿಯನ್ನು ಬಹಳ ಉದ್ದಕ್ಕೆ ಊದಿದ.

ಖಾಜಾನ ಹತ್ತಿರ ಹೋಗಲು ನನಗೆ ಹೆದರಿಕೆಯಾಗಿತ್ತು. ಮೂರು ವರ್ಷದ ಹೆಸರನ್ನು ಒಂದೇ ಸಂಜೆ ಮಣ್ಣು ಮಾಡಿಸಿದೆನಲ್ಲ ಎಂದು ಅಳುಕುತ್ತ ಹೋದರೆ ಅವನು ಕಂಬಕ್ಕೆ ಒರಗಿ ಕೂತು, ಮೈಯೆಲ್ಲ ಧೂಳಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

“ಏಳ್ ಗೋಲ್ ಮಾಸ್ತರ! ಮೂರ್ ವರ್ಷ ಕೂಡಿ ಏಳ್ ಆಗಿದ್ದಿಲ್ಲ ನನಗ.”

“ಅದಕ್ಯಾಕ ನಗ್ತೀಯೋ?”

“ಹೊಡ್ಯಾವ್ರು ಅದಾರಲ್ಲೋ ಇನ್ನ! ನಾ ಎಲ್ಲಾ ಮುಗೀತು ಅಂತ ತಿಳ್ಕೊಂಡಿದ್ದೆ.”

ಪ್ರಿನ್ಸಿಪಾಲರು ಬಂದು ನೋಡಿ ಹೋಗಿದ್ದರು. ಈ ವರ್ಷ ಕಂಬ ಇರಲಿ, ಮುಂದಿನ ವರ್ಷ ನೋಡೋಣ ಎಂದು ಹೇಳಿದರಂತೆ. ಅಫಜಲಪುರದವರು, ಜೇವರ್ಗಿಯವರು ತಮ್ಮ ತಮ್ಮ ಬಸ್ಸು ಹತ್ತಿ ಹೋದರು. ಪೊಲೀಸ್ ಭರ್ತಿಯವರು ಈಗಲೂ ಸುತ್ತು ಓಡುತ್ತಾರೆ, ಕ್ರಿಕೆಟ್ಟಿನವರು ಮೂಲೆ ಬಿಟ್ಟುಕೊಟ್ಟಿಲ್ಲ. ಊರು ಬದಲಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ನಾಲ್ವರು ಸಂಜೆ ಬರತೊಡಗಿದ್ದಾರೆ, ಕೆಲವು ದಿನ ಆರು, ಕೆಲವು ದಿನ ಎಂಟು. ಎಲ್ಲರಿಗೂ ಗೋಲು ಹೊಡೆಯಬೇಕು, ಕಾಯಲು ಯಾರಿಗೂ ಬೇಡ. ಹೀಗಾಗಿ ಖಾಜಾ ಐದು ಗಂಟೆಗೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದು ನಿಲ್ಲುತ್ತಾನೆ. ಎರಡು ತಿಂಗಳಲ್ಲಿ ಅವನ ಮೈಗೆ ಹಳೆಯ ಅಭ್ಯಾಸ ಅರ್ಧಕ್ಕರ್ಧ ಮರಳಿದೆ. ನನಗೂ ಒಂದು ಕೆಲಸ ಸಿಕ್ಕಿದೆ. ಅಂಚಿನಲ್ಲಿ ಕೂತು, ಟವೆಲ್ ಹಾಸಿ, ಹುಡುಗರ ಮೊಬೈಲುಗಳನ್ನು ಕಾಯುತ್ತೇನೆ. ಚಹಾದಂಗಡಿಯಲ್ಲಿ ಭಾಷಣ ಮಾಡುವುದು ನಿಂತು ಬಹಳ ದಿನವಾಯಿತು, ಬಿಡುವೇ ಇಲ್ಲ.

ನಿನ್ನೆ ಸಂಜೆ ಅಭಿಷೇಕನ ಮೊಬೈಲು ಬಡಿದುಕೊಂಡಿತು. ಮೇಲೆ ‘ಅವ್ವ’ ಎಂದು ಬಂತು. ಮೂರು ಸಲ ಬಂದ ಮೇಲೆ ತಡೆಯಲಾರದೆ ಎತ್ತಿದೆ.

“ಎಲ್ಲಿ ಅದಿಯೋ? ಬಸ್ ಬಂದು ಹೋತು, ನೀ ಇಳೀಲೇ ಇಲ್ಲ!”

“ತಂಗಿ, ನಾ ರಿಟೈರ್ಡ್ ಮಾಸ್ತರ ಮಾತಾಡಾಕತ್ತೇನಿ. ನಿನ್ನ ಮಗ ಇಲ್ಲೇ ಕಾಲೇಜ್ ಗ್ರೌಂಡಿನ್ಯಾಗ ಫುಟ್‌ಬಾಲ್ ಆಡಾಕತ್ತಾನ.”

ಓದು, ಪರೀಕ್ಷೆ, ಬಸ್ಸು, ಯಾವುದರ ಬಗ್ಗೆ ಬೈದರೂ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

“ಮಂದಿ ಜೋಡಿ ಆಡಾಕತ್ತಾನೇನ್ರಿ?”

“ಹೌದವಾ, ಎಂಟ್ ಮಂದಿ ಅದಾರ.”

“ಅಯ್ಯ ಶಿವನ, ಛಲೋ ಆತ್ರಿ. ಮನ್ಯಾಗ ಒಬ್ಬನೇ ಮಾರಿ ಕೆಳಗ ಹಾಕ್ಕೊಂಡು ಕುಂಡ್ರತಿದ್ದ, ನೋಡಿ ನೋಡಿ ನನ್ನ ಜೀವ ಹೋಗಿತ್ತು.” ಆಮೇಲೆ ದನಿ ಸ್ವಲ್ಪ ತಗ್ಗಿಸಿ, “ಎಷ್ಟ್ ಗೋಲ್ ಹೊಡದಾನ್ರಿ?” ಎಂದಳು.

“ಇವತ್ತು ಇನ್ನಾ ಒಂದೂ ಇಲ್ಲವಾ. ಖಾಜಾಮಿಯಾ ಅಂತ ಹಳೇ ಗೋಲ್‌ಕೀಪರ್ ಅದಾನ, ಬಿಡಾಕತ್ತಿಲ್ಲ.”

“ಎಷ್ಟ್ ವಯಸ್ಸರಿ ಅವ್ರಿಗಿ?”

“ಅರವತ್ತಮೂರು.”

“ಅರವತ್ತಮೂರಾ! ಅಷ್ಟು ವಯಸ್ಸಾದವ್ರಿಗಿ ಒಂದ್ ಗೋಲ್ ಹೊಡ್ಯಾಕ ಆಗವಲ್ದೇನ್ ಇವಗ? ಹೊಡದೇ ಬಸ್ ಹತ್ತಬೇಕಂತ ಹೇಳ್ರಿ ಮಾಸ್ತರ್ರ. ಇಲ್ಲಂದ್ರ ಮನಿಗೇ ಬರಬ್ಯಾಡನ್ರಿ!”

ನಾನು ಎದ್ದು ನಿಂತು, ಯಾರ ಹೆಗಲೂ ಹಿಡಿಯದೆ, ಮೈದಾನಕ್ಕೆಲ್ಲ ಕೇಳುವ ಹಾಗೆ ಅವಳ ಮಾತನ್ನು ಒಂದಕ್ಷರ ಬಿಡದೆ ಕೂಗಿದೆ. ಹುಡುಗರು ಹೋ ಎಂದು ನಕ್ಕರು, ಅಭಿಷೇಕ ನಾಚಿ ತಲೆ ತಗ್ಗಿಸಿದ. ಖಾಜಾನಿಗೂ ಕೇಳಿಸಿತು. ಅವನು ಎರಡೂ ಅಂಗೈ ತಿಕ್ಕಿಕೊಂಡು ಒಂದು ಹೆಜ್ಜೆ ಮುಂದೆ ಬಂದು ನಿಂತ. ಮುಂದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯಲ್ಲಿ ಅವನು ಒಂದೇ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ.